ಮನೆಗೆ ಹವಳದ ಅಕ್ವೇರಿಯಂ: ಒಂದು ಆಲ್-ಇನ್-ಒನ್ ಟ್ಯಾಂಕಿನ ಹದಿನಾಲ್ಕು ತಿಂಗಳು

ಮನೆಯಲ್ಲಿ ಹವಳ ಬೆಳೆಸುವ ಆಸೆಯಿಂದ ಉಪ್ಪುನೀರಿನ ಅಕ್ವೇರಿಯಂ ಕಡೆಗೆ ಬರುವ ಹೊಸಬರಿಗೆ ಅಂಗಡಿಯಲ್ಲಿ ಮೊದಲು ತೋರಿಸುವುದು ‘ಆಲ್-ಇನ್-ಒನ್’ ಟ್ಯಾಂಕುಗಳನ್ನು. ಗಾಜಿನ ಟ್ಯಾಂಕ್, ಅದರ ಬೆನ್ನಿಗೇ ಸೇರಿಕೊಂಡ ಫಿಲ್ಟರ್ ಕೋಣೆಗಳು, ನೀರನ್ನು ಮರಳಿ ಮುಂದಕ್ಕೆ ತಳ್ಳುವ ಪಂಪು, ಹೀಟರ್, ಎಲ್‌ಇಡಿ ದೀಪ, ಗಾಳಿಗುಳ್ಳೆಗಳ ನೊರೆಯಲ್ಲಿ ಕಲ್ಮಶವನ್ನು ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಕೆಳಗಿಡುವ ಕ್ಯಾಬಿನೆಟ್, ಇವೆಲ್ಲವೂ ಒಂದೇ ಖರೀದಿಯಲ್ಲಿ ಕೈಗೆ ಬರುತ್ತವೆ. ನಾನು ಕೊಂಡದ್ದು 120 ಲೀಟರ್ ಅಳತೆಯ ಅಂಥ ಒಂದು ಟ್ಯಾಂಕ್. ಅದು ಮನೆಗೆ ಬಂದು ಈಗ ಹದಿನಾಲ್ಕು ತಿಂಗಳಾಗಿವೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಇದೇ ವಿನ್ಯಾಸವನ್ನು ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಹಲವು ಕಂಪನಿಗಳು ಮಾರುತ್ತವೆ ಮತ್ತು ನಾನು ಹೇಳಲಿರುವ ಗುಣದೋಷಗಳು ಬಹುಮಟ್ಟಿಗೆ ಆ ವಿನ್ಯಾಸಕ್ಕೇ ಸೇರಿದವು.

ಈ ವಿಮರ್ಶೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಒಳಗಿನ ನೀರನ್ನು ಈ ಟ್ಯಾಂಕ್ ದಿನದಿಂದ ದಿನಕ್ಕೆ ಎಷ್ಟರ ಮಟ್ಟಿಗೆ ಒಂದೇ ತೆರನಾಗಿ ಉಳಿಸುತ್ತದೆ ಎಂಬುದು. ಕಡಲಿನ ನೀರಿನಲ್ಲಿ ಪ್ರತಿ ಕಿಲೋಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ಮತ್ತು ಹವಳದ ದಿಬ್ಬಗಳಿರುವಲ್ಲಿ ಆ ಪ್ರಮಾಣವಾಗಲಿ ಉಷ್ಣಾಂಶವಾಗಲಿ ಒಂದು ರಾತ್ರಿಯಲ್ಲಿ ಎದ್ದು ಬೀಳುವುದು ಅಪರೂಪ. ಮರಳು, ಕಲ್ಲುಗಳು ಆಕ್ರಮಿಸುವ ಜಾಗವನ್ನು ಕಳೆದರೆ ನನ್ನ ಟ್ಯಾಂಕಿನಲ್ಲಿ ಉಳಿಯುವುದು ಸುಮಾರು 100 ಲೀಟರ್ ನೀರು. ಇಷ್ಟು ಕಡಿಮೆ ನೀರಿನಲ್ಲಿ ಒಂದು ಚಿಕ್ಕ ತಪ್ಪು ಕೂಡ ಕೆಲವೇ ಗಂಟೆಗಳಲ್ಲಿ ಜೀವಿಗಳ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪೆಟ್ಟಿಗೆಯಲ್ಲಿ ಬಂದ ಪ್ರತಿಯೊಂದು ಭಾಗವೂ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದಕ್ಕಿಂತ, ನೀರನ್ನು ಅದು ಅಲುಗಾಡಿಸುತ್ತದೆಯೋ ಹಿಡಿದು ನಿಲ್ಲಿಸುತ್ತದೆಯೋ ಎಂಬುದೇ ನನಗೆ ಮುಖ್ಯವಾಯಿತು.

ಗಾಜು ಮತ್ತು ಕ್ಯಾಬಿನೆಟ್ ಬಗ್ಗೆ ದೂರಿಲ್ಲ. ಗಾಜಿನ ಅಂಚುಗಳು ನಯವಾಗಿವೆ, ಸಿಲಿಕೋನ್ ಬೆಸುಗೆಯಲ್ಲಿ ಗುಳ್ಳೆಗಳಿಲ್ಲ, ಮುಂಭಾಗದ ಗಾಜು ಹಸಿರು ಛಾಯೆಯಿಲ್ಲದ ಶುಭ್ರ ಗಾಜು. ನೀರು, ಕಲ್ಲು, ಮರಳು, ಕ್ಯಾಬಿನೆಟ್ ಎಲ್ಲ ಸೇರಿದರೆ ತೂಕ 200 ಕಿಲೋ ಸಮೀಪಿಸುವುದರಿಂದ, ನೀರು ತುಂಬುವ ಮೊದಲೇ ಮಟ್ಟಗೋಲಿಟ್ಟು ನಾಲ್ಕೂ ದಿಕ್ಕಿನಲ್ಲಿ ನೋಡಿಕೊಳ್ಳಬೇಕು. ಕ್ಯಾಬಿನೆಟ್ಟಿನ ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸುವ ಅನುಕೂಲ ಇದರಲ್ಲಿದೆ.

ಹಿಂಬದಿಯ ಕೋಣೆಗಳು ಈ ಟ್ಯಾಂಕಿನ ಜಾಣತನವೂ ಹೌದು, ದೊಡ್ಡ ಕೊರತೆಯೂ ಹೌದು. ಮೇಲ್ಮೈಯ ನೀರು ಬಾಚಣಿಗೆಯಂಥ ಸೀಳುಗಳ ಮೂಲಕ ಮೊದಲ ಕೋಣೆಗೆ ಇಳಿದು ಹತ್ತಿಯ ಪದರದಲ್ಲಿ ಸೋಸಿಕೊಳ್ಳುತ್ತದೆ, ಎರಡನೆಯ ಕೋಣೆಯಲ್ಲಿ ಸ್ಕಿಮ್ಮರ್ ದಾಟುತ್ತದೆ, ಮೂರನೆಯ ಕೋಣೆಯಿಂದ ಪಂಪು ಅದನ್ನು ಮತ್ತೆ ಮುಂದಕ್ಕೆ ಕಳಿಸುತ್ತದೆ. ಎರಡನೆಯ ಮತ್ತು ಮೂರನೆಯ ಕೋಣೆಗಳ ನಡುವಿನ ಗೋಡೆಯ ಎತ್ತರವನ್ನು ಸರಿಯಾಗಿ ಲೆಕ್ಕ ಹಾಕಿರುವುದರಿಂದ ಸ್ಕಿಮ್ಮರ್ ಇರುವ ಕಡೆ ನೀರಿನ ಮಟ್ಟ ಬದಲಾಗುವುದೇ ಇಲ್ಲ. ಸ್ಕಿಮ್ಮರ್ ಕೆಲಸ ಮಾಡಲು ಇದು ತೀರ ಅಗತ್ಯ, ಮತ್ತು ಇದಕ್ಕಾಗಿ ವಿನ್ಯಾಸಕಾರರನ್ನು ಮೆಚ್ಚಲೇಬೇಕು. ಆದರೆ ಆವಿಯಾಗಿ ಹೋದ ನೀರಿನ ಕೊರತೆಯೆಲ್ಲ ಮೂರನೆಯ ಕೋಣೆಯಲ್ಲಿಯೇ ಕಾಣಿಸಿಕೊಳ್ಳುತ್ತದೆ, ಮತ್ತು ಆ ಕೋಣೆಯಲ್ಲಿ ಬಳಕೆಗೆ ಬರುವ ನೀರು ಐದು ಲೀಟರಿಗಿಂತ ಹೆಚ್ಚಿಲ್ಲ. ನನ್ನ ಟ್ಯಾಂಕಿನಲ್ಲಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗುತ್ತದೆ. ಹೊರಗಿನಿಂದ ನೀರು ಸೇರಿಸದಿದ್ದರೆ ಮೂರನೆಯ ದಿನದ ಹೊತ್ತಿಗೆ ಪಂಪು ಗಾಳಿ ಎಳೆಯಲು ತೊಡಗಿ, ಟ್ಯಾಂಕಿನ ತುಂಬ ಸಣ್ಣ ಗುಳ್ಳೆಗಳ ಮಂಜು ಕವಿಯುತ್ತದೆ.

ಗುಳ್ಳೆಗಳಿಗಿಂತ ಗಂಭೀರವಾದದ್ದು ಲವಣಾಂಶ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಮೂರು ದಿನಗಳಲ್ಲಿ ನಾಲ್ಕೂವರೆ ಲೀಟರ್ ಹೋದರೆ 35ರಲ್ಲಿದ್ದ ಲವಣಾಂಶ 36.6ಕ್ಕೆ ಏರುತ್ತದೆ. ಒಮ್ಮೆಲೇ ಸಿಹಿನೀರು ಸುರಿದರೆ ಅಷ್ಟೇ ವೇಗವಾಗಿ ಕೆಳಗಿಳಿಯುತ್ತದೆ. ಈ ಏರಿಳಿತವನ್ನು ತಪ್ಪಿಸಲು ನೀರು ಇಳಿದ ಕೂಡಲೇ ಸ್ವಲ್ಪಸ್ವಲ್ಪವಾಗಿ ಸಿಹಿನೀರು ಸೇರಿಸುವ ಆಟೋ ಟಾಪ್-ಆಫ್ ಎಂಬ ಸಾಧನ ಬೇಕು. ಇಷ್ಟು ಚಿಕ್ಕ ಕೋಣೆಯನ್ನು ಕೊಟ್ಟ ಮೇಲೆ ತಯಾರಕರು ಅದನ್ನು ಪೆಟ್ಟಿಗೆಯಲ್ಲಿಯೇ ಇಡಬೇಕಿತ್ತು, ಇಟ್ಟಿಲ್ಲ. ನಾನು ಬೇರೆ ಕಡೆಯಿಂದ ತಂದ ಮೊದಲನೆಯ ಸಾಧನದಲ್ಲಿ ಒಂದೇ ಒಂದು ತೇಲುಗುಂಡಿನ ಸ್ವಿಚ್ ಇತ್ತು. ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಮೀನುಗಳೆಲ್ಲ ಎಂದಿನಂತಿದ್ದರೂ ಹವಳಗಳು ಮುದುಡಿ ಕೂತಿದ್ದವು. ನೋಡಿದರೆ, ಹಿಂದಿನ ಕೋಣೆಗೆ ಹತ್ತಿ ಬಂದಿದ್ದ ಟ್ರೋಕಸ್ ಬಸವನಹುಳುವೊಂದು ಆ ತೇಲುಗುಂಡಿನ ಮೇಲೆಯೇ ಕುಳಿತು ಅದನ್ನು ಕೆಳಕ್ಕೆ ಒತ್ತಿ ಹಿಡಿದಿತ್ತು. ನೀರು ಕಡಿಮೆಯಾಗಿದೆಯೆಂದು ತಿಳಿದ ಪಂಪು ರಾತ್ರಿಯಿಡೀ ಸಿಹಿನೀರು ಸುರಿಯುತ್ತಲೇ ಇತ್ತು. ಸಿಹಿನೀರಿನ ಡಬ್ಬಿ ಹತ್ತು ಲೀಟರಿನದಾಗಿದ್ದುದರಿಂದ ಅಷ್ಟಕ್ಕೆ ನಿಂತಿತು, ಇಲ್ಲದಿದ್ದರೆ ನಷ್ಟ ದೊಡ್ಡದಾಗುತ್ತಿತ್ತು. ಅಂದಿನಿಂದ ಬೆಳಕಿನ ಸಂವೇದಕವೊಂದು, ಅದರ ಮೇಲೆ ಕಾವಲಿಗೆ ಎರಡನೆಯ ಸ್ವಿಚ್ ಒಂದು ಇರುವ ಸಾಧನವನ್ನು ಬಳಸುತ್ತಿದ್ದೇನೆ. ಸಿಹಿನೀರಿನ ಡಬ್ಬಿಯನ್ನು ದೊಡ್ಡದು ಮಾಡುವ ಆಸೆ ಮಾತ್ರ ಬಿಟ್ಟೆ.

ಇನ್ನು ನೀರಿನ ಮಾತು. ಪೆಟ್ಟಿಗೆಯಲ್ಲಿ ಕ್ಲೋರಿನ್ ತೆಗೆಯುವ ದ್ರಾವಣದ ಒಂದು ಚಿಕ್ಕ ಬಾಟಲಿ ಇದೆ. ನಲ್ಲಿ ನೀರಿಗೆ ಕೆಲವು ಹನಿ ಹಾಕಿ, ಉಪ್ಪು ಬೆರೆಸಿ ತುಂಬಿರಿ ಎಂದು ಕೈಪಿಡಿ ಹೇಳುತ್ತದೆ. ಹವಳ ಬೆಳೆಸಲು ಹೊರಟವರಿಗೆ ಈ ಸಲಹೆಯನ್ನು ಕೊಡಲೇಬಾರದು. ಆ ಹನಿಗಳು ಕ್ಲೋರಿನ್ನನ್ನು ತೆಗೆಯಬಹುದು, ಆದರೆ ನಲ್ಲಿ ನೀರಿನಲ್ಲಿ ಬರಬಹುದಾದ ಫಾಸ್ಫೇಟ್, ಸಿಲಿಕೇಟ್, ನೈಟ್ರೇಟ್‌ಗಳನ್ನಲ್ಲ. ತಾಮ್ರದ ಕೊಳವೆಗಳಿಂದ ಕರಗಿ ಬರುವ ತಾಮ್ರವಂತೂ ಅತ್ಯಲ್ಪ ಪ್ರಮಾಣದಲ್ಲಿಯೇ ಬಸವನಹುಳು, ಸೀಗಡಿ, ಹವಳಗಳಿಗೆ ವಿಷ. ನಾನು ಕೈಪಿಡಿಯನ್ನು ನಂಬಿ ಮೊದಲ ಸಲ ನಲ್ಲಿ ನೀರನ್ನೇ ತುಂಬಿದೆ. ಎರಡು ವಾರಗಳಲ್ಲಿ ಬಿಳಿ ಮರಳಿನ ಮೇಲೆ ತುಕ್ಕಿನ ಬಣ್ಣದ ಪದರ ಹರಡಿತು, ಒರೆಸಿದ ಮರುದಿನವೇ ಮತ್ತೆ ಬಂತು. ಸಿಲಿಕೇಟನ್ನು ಬಳಸಿಕೊಂಡು ತಮ್ಮ ಕವಚ ಕಟ್ಟಿಕೊಳ್ಳುವ ಡಯಾಟಮ್‌ಗಳು ಅವು. ಹೊಸ ಟ್ಯಾಂಕಿನಲ್ಲಿ ಅವು ಹೇಗೂ ಸ್ವಲ್ಪ ದಿನ ಬರುತ್ತವೆ, ಆದರೆ ನಾನು ಅವಕ್ಕೆ ಪ್ರತಿ ವಾರವೂ ಹೊಸ ಸಿಲಿಕೇಟನ್ನು ತಂದು ಕೊಡುತ್ತಿದ್ದೆ. ಕೊನೆಗೆ ರಿವರ್ಸ್ ಆಸ್ಮೋಸಿಸ್ ಜೊತೆಗೆ ಡಿಅಯೊನೈಸಿಂಗ್ ರೆಸಿನ್ ಇರುವ ಆರ್‌ಓ-ಡಿಐ ಶೋಧಕವನ್ನು ಜೋಡಿಸಿ, ನೀರಿನಲ್ಲಿ ಕರಗಿರುವ ಪದಾರ್ಥಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಕಂಡ ನೀರನ್ನು ಮಾತ್ರ ಬಳಸಲು ತೊಡಗಿದ ಮೇಲೆ ಆ ಪದರ ತಾನಾಗಿಯೇ ತೆಳ್ಳಗಾಯಿತು. ಕುಡಿಯುವ ನೀರಿನ ಸಾಮಾನ್ಯ ಆರ್‌ಓ ಯಂತ್ರ ಇದಕ್ಕೆ ಸಾಲದು. ರುಚಿಗಾಗಿ ಖನಿಜಗಳನ್ನು ಮತ್ತೆ ಸೇರಿಸುವ ಯಂತ್ರವಾದರಂತೂ ನಮ್ಮ ಉದ್ದೇಶಕ್ಕೆ ವಿರುದ್ಧ.

ಲವಣಾಂಶ ನೋಡಲು ಪೆಟ್ಟಿಗೆಯಲ್ಲಿ ಕೊಟ್ಟಿರುವುದು ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್. ಮುಳ್ಳಿಗೆ ಒಂದೆರಡು ಗಾಳಿಗುಳ್ಳೆಗಳು ಅಂಟಿಕೊಂಡರೂ ಅದು ಮೇಲೆದ್ದು ಹೆಚ್ಚಿನ ಅಂಕಿ ತೋರಿಸುತ್ತದೆ. ನನ್ನದು ಸಾಪೇಕ್ಷ ಸಾಂದ್ರತೆ 1.025 ಎಂದು ತೋರಿಸುತ್ತಿದ್ದಾಗ, 35ರ ಮಾದರಿ ದ್ರಾವಣದಿಂದ ಸರಿಹೊಂದಿಸಿದ, ಬೆಳಕಿನ ಬಾಗುವಿಕೆಯಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ತೋರಿಸಿದ್ದು 1.021, ಅಂದರೆ ಲವಣಾಂಶ ಸುಮಾರು 28. ಇದು ಅಳತೆಯ ಸಣ್ಣ ವ್ಯತ್ಯಾಸವಲ್ಲ. ಹವಳವನ್ನು ತಂದು ಇಂಥ ನೀರಿಗೆ ಬಿಟ್ಟು, ಅದು ಏಕೆ ಅರಳುತ್ತಿಲ್ಲವೆಂದು ದೀಪವನ್ನೋ ಉಪ್ಪಿನ ಕಂಪನಿಯನ್ನೋ ದೂರುವವರು ಎಷ್ಟೋ ಜನ ಇರಬೇಕು. ರಿಫ್ರ್ಯಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸುವುದಕ್ಕಿಂತ 35ರ ದ್ರಾವಣದಲ್ಲಿ ಹೊಂದಿಸುವುದೇ ಮೇಲು, ಏಕೆಂದರೆ ನಮಗೆ ನಿಖರತೆ ಬೇಕಾಗಿರುವುದು ಅಳತೆಪಟ್ಟಿಯ ಆ ತುದಿಯಲ್ಲಿ.

‘ಒಂದೇ ವಾರದಲ್ಲಿ ಟ್ಯಾಂಕ್ ಸಿದ್ಧ’ ಎಂದು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸಲಾಗಿದೆ. ಇದು ನನಗೆ ಅತ್ಯಂತ ಬೇಸರ ತಂದ ವಿಷಯ. ಮೀನಿನ ವಿಸರ್ಜನೆ, ಉಳಿದ ಆಹಾರ ಕೊಳೆತು ಬರುವ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಈ ಎರಡೂ ಬಳಗಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರುವವರೆಗೆ ಟ್ಯಾಂಕಿಗೆ ಮೀನು ಬಿಡುವುದು ಅದನ್ನು ಅಮೋನಿಯದಲ್ಲಿ ಉಸಿರಾಡಿಸಿದಂತೆ. ಜೊತೆಗೆ ಬಂದ ಬ್ಯಾಕ್ಟೀರಿಯಾ ಬಾಟಲಿಯನ್ನು ನಾನು ಹೇಳಿದ ಪ್ರಮಾಣದಲ್ಲಿಯೇ ಹಾಕಿದೆ, ಅವಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಅಮೋನಿಯವನ್ನು 2 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗಕ್ಕೆ) ತಂದೆ, ದಿನವೂ ಪರೀಕ್ಷಿಸಿದೆ. ಎಂಟನೆಯ ದಿನ ಅಮೋನಿಯ ಇನ್ನೂ ಅಲ್ಲಿಯೇ ಇತ್ತು. ಹಾಕಿದ 2 ಪಿಪಿಎಂ ಅಮೋನಿಯ ಇಪ್ಪತ್ತನಾಲ್ಕು ಗಂಟೆಗಳೊಳಗೆ ಸೊನ್ನೆಯಾಗಿ, ನೈಟ್ರೇಟ್ ಮೇಲೇರಿದ್ದನ್ನು ನಾನು ಕಂಡದ್ದು 31ನೆಯ ದಿನ. ಒಣ ಕಲ್ಲಿನಿಂದ ಆರಂಭಿಸುವ ಟ್ಯಾಂಕುಗಳಿಗೆ ನಾಲ್ಕರಿಂದ ಆರು ವಾರ ಹಿಡಿಯುವುದು ಸಹಜ. ಒಳ್ಳೆಯ ಬ್ಯಾಕ್ಟೀರಿಯಾ ಸಿಕ್ಕರೆ ಬೇಗನೆ ಆಗಲೂಬಹುದು. ಆದರೆ ಪರೀಕ್ಷೆಯ ಬಣ್ಣವನ್ನು ನೋಡಿ ಹೇಳಬೇಕಾದ ಮಾತನ್ನು ಪಂಚಾಂಗ ನೋಡಿ ಹೇಳುವುದು ಸರಿಯಲ್ಲ.

ಕಲ್ಲಿನ ವಿಷಯಕ್ಕೆ ಬಂದಾಗ ಒಂದು ಹಳೆಯ ಸಂಗತಿಯನ್ನು ಹೇಳಬೇಕೆನಿಸುತ್ತದೆ. 1960ರ ದಶಕದ ಆರಂಭದಲ್ಲಿಯೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅವರು ದೊಡ್ಡ ಫಿಲ್ಟರ್‌ಗಳಿಲ್ಲದೆ, ಕಡಲಿನಿಂದ ತಂದ, ಸೂಕ್ಷ್ಮಜೀವಿಗಳು ನೆಲೆಸಿರುವ ‘ಜೀವಂತ’ ಕಲ್ಲು ಮತ್ತು ಗಾಳಿಗುಳ್ಳೆಗಳ ಬಲದಿಂದಲೇ ಟ್ಯಾಂಕನ್ನು ನಡೆಸುವ ವಿಧಾನವನ್ನು ತೋರಿಸಿಕೊಟ್ಟಿದ್ದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅದೇ ದಾರಿಯಲ್ಲಿ ಜೀವಂತ ಕಲ್ಲಿಗೆ ಪ್ರಬಲ ಸ್ಕಿಮ್ಮರನ್ನೂ ತೀಕ್ಷ್ಣ ಬೆಳಕನ್ನೂ ಸೇರಿಸಿದರು. ಇವತ್ತಿನ ಈ ಪುಟ್ಟ ಟ್ಯಾಂಕ್ ಕೂಡ ನಿಂತಿರುವುದು ಅದೇ ತಿಳಿವಳಿಕೆಯ ಮೇಲೆ: ನಿಜವಾದ ಫಿಲ್ಟರ್ ಹಿಂಬದಿಯ ಕೋಣೆಯಲ್ಲಿಲ್ಲ, ನಮ್ಮ ಕಣ್ಣೆದುರಿನ ಕಲ್ಲಿನಲ್ಲಿದೆ. ಆದ್ದರಿಂದ ಬ್ಯಾಕ್ಟೀರಿಯಾ ನೆಲೆಸಲೆಂದು ಪೆಟ್ಟಿಗೆಯಲ್ಲಿ ಕೊಟ್ಟಿದ್ದ ಪ್ಲಾಸ್ಟಿಕ್ ಚೆಂಡುಗಳ ಚೀಲವನ್ನು ನಾನು ಬಳಸಲೇ ಇಲ್ಲ. ಆ ಜಾಗದಲ್ಲಿ ಕಸ ಕೂತು ಕೊಳೆಯುವುದಕ್ಕಿಂತ ಹತ್ತು ಕಿಲೋ ರಂಧ್ರಭರಿತ ಕಲ್ಲು ಮುಂಭಾಗದಲ್ಲಿರುವುದು ಲೇಸು.

ಹೀಟರ್ ಈ ಪೆಟ್ಟಿಗೆಯ ಅತ್ಯಂತ ದುರ್ಬಲ ಭಾಗ. 150 ವ್ಯಾಟಿನ ಒಂದೇ ಗಾಜಿನ ಕೊಳವೆ, ಅದರೊಳಗಿನದೇ ಥರ್ಮೋಸ್ಟಾಟ್. ಆರನೆಯ ತಿಂಗಳಲ್ಲಿ ಅದರ ಒಳಗಿನ ಸಂಪರ್ಕ ಅಂಟಿಕೊಂಡು, ರಾತ್ರಿ 26 ಡಿಗ್ರಿಯಲ್ಲಿದ್ದ ನೀರು ಬೆಳಗಾಗುವಷ್ಟರಲ್ಲಿ 30 ಮುಟ್ಟಿತ್ತು. ಮೀನುಗಳು ಮೇಲ್ಮೈಗೆ ಬಂದು ವೇಗವಾಗಿ ಕಿವಿರು ಬಡಿಯುತ್ತಿದ್ದವು, ಏಕೆಂದರೆ ಬಿಸಿ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಹವಳಗಳಲ್ಲಿ ಎರಡು ತಮ್ಮೊಳಗಿನ ಕಂದು ಪಾಚಿಯನ್ನು ಹೊರಹಾಕಿ ಮಸುಕಾದವು. ಒಂದು ಚೇತರಿಸಿಕೊಂಡಿತು, ಇನ್ನೊಂದು ಉಳಿಯಲಿಲ್ಲ. ಹೀಟರ್ ಒಂದಲ್ಲ ಒಂದು ದಿನ ಕೆಡುತ್ತದೆ ಎಂಬುದನ್ನು ಈ ಹವ್ಯಾಸದಲ್ಲಿ ಇರುವವರೆಲ್ಲ ಒಪ್ಪುತ್ತಾರೆ. ಕೆಟ್ಟಾಗ ಅದು ಟ್ಯಾಂಕನ್ನು ಕೊಲ್ಲದಂತೆ ನೋಡಿಕೊಳ್ಳುವುದು ವಿನ್ಯಾಸದ ಕೆಲಸ. ಈಗ ನನ್ನಲ್ಲಿ 75 ವ್ಯಾಟಿನ ಎರಡು ಹೀಟರುಗಳಿವೆ, ಎರಡನ್ನೂ ಹೊರಗಿನ ಒಂದು ಕಂಟ್ರೋಲರ್ ನಡೆಸುತ್ತದೆ. ಒಂದರ ಸಂಪರ್ಕ ಅಂಟಿಕೊಂಡರೂ ಕಂಟ್ರೋಲರ್ ವಿದ್ಯುತ್ತನ್ನೇ ಕಡಿಯುತ್ತದೆ, ಒಂದು ಸತ್ತುಹೋದರೂ ಇನ್ನೊಂದು ನೀರನ್ನು ತೀರ ತಣ್ಣಗಾಗಲು ಬಿಡುವುದಿಲ್ಲ. ಮಾರಾಟಗಾರರು ಹಳೆಯ ಹೀಟರಿಗೆ ಬದಲಿಯನ್ನು ತಕರಾರಿಲ್ಲದೆ ಕೊಟ್ಟರು ಎಂಬುದನ್ನೂ ಹೇಳಬೇಕು. ಅದನ್ನು ಈಗ ಉಪ್ಪುನೀರು ಬೆರೆಸುವ ಬಕೆಟ್ಟಿನಲ್ಲಿ ಮಾತ್ರ, ನಾನು ಎದುರಿಗಿದ್ದಾಗ ಮಾತ್ರ ಬಳಸುತ್ತೇನೆ.

ದೀಪ ಇದಕ್ಕೆ ವಿರುದ್ಧ. ಪೆಟ್ಟಿಗೆಯಲ್ಲಿ ಬಂದದ್ದರಲ್ಲಿ ಇದೇ ಶ್ರೇಷ್ಠ. ಸ್ನೇಹಿತರೊಬ್ಬರ ಮೀಟರ್ ತಂದು ಅಳೆದಾಗ ಮರಳಿನ ಮೇಲೆ 80ರಷ್ಟು, ಕಲ್ಲಿನ ನಡುಭಾಗದಲ್ಲಿ 130ರ ಆಸುಪಾಸು, ತುದಿಯಲ್ಲಿ 230ರವರೆಗೆ ಪಿಎಆರ್ (ಪಾಚಿಗಳು ಆಹಾರ ತಯಾರಿಸಲು ಬಳಸಬಲ್ಲ ಬೆಳಕಿನ ಪ್ರಮಾಣ) ಸಿಕ್ಕಿತು. ಮೆತ್ತನೆಯ ಹವಳಗಳಿಗೂ ದೊಡ್ಡ ಪಾಲಿಪ್‌ಗಳ (ಹವಳವನ್ನು ಕಟ್ಟುವ ಪುಟ್ಟ ಜೀವಿಗಳ) ಹವಳಗಳಿಗೂ ಇದು ಧಾರಾಳ. ತುದಿಯಲ್ಲಿ ಮಾಂಟಿಪೋರಾದಂಥ ಸಣ್ಣ ಪಾಲಿಪ್‌ನವನ್ನೂ ಇಡಬಹುದು. ಹವಳದ ಅಂಗಾಂಶದೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿಗಳು ಆಹಾರ ತಯಾರಿಸುವುದು ಬಹುಮಟ್ಟಿಗೆ ನೀಲಿ ಬೆಳಕಿನಿಂದ, ಮತ್ತು ಈ ದೀಪದಲ್ಲಿ ನೀಲಿ, ಬಿಳಿ ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಬಹುದು. ನಾನು ನೀಲಿಯನ್ನು 30 ಶೇಕಡದಿಂದ ಆರಂಭಿಸಿ ಎಂಟು ವಾರಗಳಲ್ಲಿ 65ಕ್ಕೆ ತಂದೆ, ಬಿಳಿಯನ್ನು 10ರಿಂದ ಮೇಲೇರಿಸಲಿಲ್ಲ. ಒಂದೇ ಒಂದು ದೋಷ ಇದೆ, ಅದು ಅಳತೆಗೋಲಿನ ದೃಷ್ಟಿಯಿಂದ ದೊಡ್ಡದು: ವಿದ್ಯುತ್ ಹೋಗಿ ಬಂದಾಗ ದೀಪ ನಾವು ಹೊಂದಿಸಿದ ವೇಳಾಪಟ್ಟಿಯನ್ನು ಮರೆತು ಕಾರ್ಖಾನೆಯ ವೇಳಾಪಟ್ಟಿಗೆ, ಅಂದರೆ ಎರಡೂ ಬಣ್ಣಗಳ ನೂರು ಶೇಕಡಕ್ಕೆ ಮರಳುತ್ತದೆ. ಮಂದ ಬೆಳಕಿಗೆ ಒಗ್ಗಿದ ಹವಳವನ್ನು ಒಮ್ಮೆಲೇ ಪೂರ್ಣ ಬೆಳಕಿಗೆ ಒಡ್ಡುವುದು ಅದನ್ನು ಬಿಳಿಚಿಸುವ ನೇರ ದಾರಿ. ಒಂದು ಪುಟ್ಟ ಬ್ಯಾಟರಿ ಕೋಶದಿಂದ ಬಗೆಹರಿಯುವ ಈ ತೊಂದರೆಯನ್ನು ಉಳಿಸಿಕೊಂಡಿರುವುದು ಏಕೆಂದು ನನಗೆ ಅರ್ಥವಾಗಿಲ್ಲ.

ಪಂಪು ನಿಶ್ಶಬ್ದ, ಆದರೆ ಗಂಟೆಗೆ 1200 ಲೀಟರಿನದು. ಹವಳಕ್ಕೆ ಬೇಕಾಗುವ ಹರಿವಿನ ಅರ್ಧದಷ್ಟು. ಎದುರು ಗಾಜಿಗೆ ನೀರನ್ನು ಅಲೆಯಾಡಿಸುವ ಒಂದು ಚಿಕ್ಕ ವೇವ್‌ಮೇಕರ್ ಅಂಟಿಸುವುದು ಅನಿವಾರ್ಯ. ಸ್ಕಿಮ್ಮರ್ ಸಾಧಾರಣ: ಮೊದಲ ಹತ್ತು ದಿನ ನೊರೆ ಹತೋಟಿಗೆ ಸಿಗಲಿಲ್ಲ, ಆಮೇಲೆ ವಾರಕ್ಕೆರಡು ಸಲ ಕಪ್ಪಿನಲ್ಲಿ ದುರ್ವಾಸನೆಯ ಕಡುಗಂದು ದ್ರವವನ್ನು ಕೊಡುತ್ತ ಬಂದಿದೆ.

ಪೆಟ್ಟಿಗೆಯಲ್ಲಿದ್ದ ಇನ್ನೊಂದು ವಸ್ತುವಿನಿಂದ ನಾನು ಪಾಠ ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳುಗಳ ಒಂದು ಚೀಲವನ್ನು ಮೊದಲ ದಿನದಿಂದಲೇ ಎರಡನೆಯ ಕೋಣೆಯಲ್ಲಿಡಲು ಕೈಪಿಡಿ ಸೂಚಿಸುತ್ತದೆ. ಪಾಚಿಯ ಭಯದಿಂದ ನಾನು ಹಾಗೆಯೇ ಮಾಡಿದೆ, ಮೀನಿಗೆ ಆಹಾರವನ್ನೂ ಬಿಗಿ ಹಿಡಿದೆ. ಮೂರನೆಯ ತಿಂಗಳಿಗೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸತೊಡಗಿದಾಗ ಗೆದ್ದೆನೆಂದೇ ತಿಳಿದಿದ್ದೆ. ಎರಡು ವಾರದೊಳಗೆ ಮರಳಿನ ಮೇಲೆ, ಕಲ್ಲಿನ ಮೇಲೆ, ಹವಳಗಳ ತೊಟ್ಟಿನ ಮೇಲೆ ಲೋಳೆಯಂಥ ಕಂದು ಎಳೆಗಳು ಹರಡಿದವು. ಪ್ರತಿ ಎಳೆಯ ತುದಿಯಲ್ಲಿಯೂ ಒಂದು ಗಾಳಿಗುಳ್ಳೆ. ರಾತ್ರಿ ಕಡಿಮೆಯಾಗಿ ಮಧ್ಯಾಹ್ನದ ಹೊತ್ತಿಗೆ ದಟ್ಟವಾಗುತ್ತಿದ್ದ ಇವು ಡೈನೋಫ್ಲಾಜೆಲೇಟ್‌ಗಳು, ಹವ್ಯಾಸಿಗಳ ಬಾಯಲ್ಲಿ ‘ಡೈನೋ’. ಅವನ್ನು ಮೇಯಲು ಹೋದ ಬಸವನಹುಳುಗಳಲ್ಲಿ ನಾಲ್ಕು ಸತ್ತವು. ಹವಳದೊಳಗಿದ್ದು ಅದಕ್ಕೆ ಅನ್ನ ಕೊಡುವ ಪಾಚಿಯೂ ಡೈನೋಫ್ಲಾಜೆಲೇಟ್ ಗುಂಪಿಗೇ ಸೇರಿದ್ದು ಎಂಬುದು ಆಗ ಓದಿ ತಿಳಿದ ಸಂಗತಿ. ಒಳಗಿದ್ದಾಗ ಹವಳವನ್ನು ಬದುಕಿಸುವ ಬಳಗದ ಬಂಧುಗಳೇ ಹೊರಗೆ ಹೀಗೆ ಹಬ್ಬಿದ್ದವು. ಪೋಷಕಾಂಶ ಪೂರ್ತಿ ಬರಿದಾದ ನೀರಿನಲ್ಲಿ ಅವಕ್ಕೆ ಎದುರಾಳಿಗಳಾಗಬೇಕಿದ್ದ ಸಾಮಾನ್ಯ ಪಾಚಿ, ಬ್ಯಾಕ್ಟೀರಿಯಾಗಳು ಹಸಿವಿನಿಂದ ಹಿಂದೆ ಸರಿದು, ಇವು ಜಾಗ ಹಿಡಿಯುತ್ತವೆ. ನಾನು ಚೀಲವನ್ನು ತೆಗೆದೆ, ಆಹಾರ ಹೆಚ್ಚಿಸಿದೆ, ಕೊಳವೆಯಿಂದ ಎಳೆಗಳನ್ನು ಹೀರಿ ಹತ್ತಿಯಲ್ಲಿ ಸೋಸಿದೆ, ಫಾಸ್ಫೇಟ್ 0.05 ಪಿಪಿಎಂ, ನೈಟ್ರೇಟ್ 5 ಪಿಪಿಎಂ ಸುತ್ತಮುತ್ತ ನೆಲೆಗೊಂಡ ಆರು ವಾರಗಳ ಬಳಿಕ ಅವು ಮಾಯವಾದವು. ಆ ಚೀಲ ಒಳ್ಳೆಯ ಔಷಧಿಯೇ, ಕಾಯಿಲೆ ಇಲ್ಲದವರಿಗೆ ಕುಡಿಸಬಾರದಿತ್ತು ಅಷ್ಟೆ.

ಕೊಟ್ಟಿರುವ ಪರೀಕ್ಷಾ ಪಟ್ಟಿಗಳು ಹವಳದ ಟ್ಯಾಂಕಿಗೆ ಉಪಯೋಗವಿಲ್ಲ. ಹವಳ ತನ್ನ ಅಸ್ಥಿಪಂಜರವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ, ಹಾಗಾಗಿ ಬೆಳೆದಂತೆಲ್ಲ ನೀರಿನ ಆಲ್ಕಲಿನಿಟಿ (ಕರಗಿರುವ ಕಾರ್ಬೊನೇಟ್‌ಗಳ ಅಳತೆ, ಡಿಕೆಎಚ್ ಎಂಬ ಮಾನದಲ್ಲಿ) ಮತ್ತು ಕ್ಯಾಲ್ಸಿಯಂ ಇಳಿಯುತ್ತ ಹೋಗುತ್ತವೆ. ಆಲ್ಕಲಿನಿಟಿ ಒಂದು ಡಿಕೆಎಚ್ ಖರ್ಚಾದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಮಾತ್ರ ಖರ್ಚಾಗುತ್ತದೆ. ಕ್ಯಾಲ್ಸಿಯಂ 400 ದಾಟಿದ ಸಂಗ್ರಹದಿಂದ ಹೋಗುವುದರಿಂದ ಅದು ಬೇಗ ಗೊತ್ತಾಗುವುದಿಲ್ಲ. ಆಲ್ಕಲಿನಿಟಿಯ ಸಂಗ್ರಹ 8ರ ಸುತ್ತ ಇರುವುದರಿಂದ ಅದೇ ಮೊದಲು ಎಚ್ಚರಿಕೆ ಕೊಡುತ್ತದೆ. ವಾರಕ್ಕೆರಡು ಸಲ ಹನಿ ಪರೀಕ್ಷೆಯಿಂದ ಅದನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಮೊದಲ ಎಂಟು ತಿಂಗಳು ವಾರಕ್ಕೆ 10 ಲೀಟರ್ ನೀರು ಬದಲಿಸುವುದೇ ಸಾಕಾಗಿತ್ತು. ಒಂಬತ್ತನೆಯ ತಿಂಗಳಿಂದ ದಿನಕ್ಕೆ 0.3 ಡಿಕೆಎಚ್‌ನಂತೆ ಇಳಿಯತೊಡಗಿದಾಗ, ಒಂದರಲ್ಲಿ ಕಾರ್ಬೊನೇಟ್, ಇನ್ನೊಂದರಲ್ಲಿ ಕ್ಯಾಲ್ಸಿಯಂ ಇರುವ ಎರಡು ದ್ರಾವಣಗಳನ್ನು ಬೇರೆಬೇರೆ ಹೊತ್ತಿನಲ್ಲಿ ಹನಿಸಲು ಆರಂಭಿಸಿದೆ. ಪುಸ್ತಕದ ಆ ಅಂಕಿಗಳ ಇಳಿಕೆಯನ್ನು ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಹವಳ ನಿಜವಾಗಿಯೂ ಕಲ್ಲು ಕಟ್ಟುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು.

ಜೀವಿಗಳನ್ನು ತರುವ ವಿಷಯದಲ್ಲಿ ಕೈಪಿಡಿ ಒಂದು ಪುಟವನ್ನೂ ಮೀಸಲಿಟ್ಟಿಲ್ಲ. ಮುಖಪುಟದ ಚಿತ್ರದಲ್ಲಿ ಮಾತ್ರ ಕ್ಲೌನ್ ಮೀನು ದೊಡ್ಡ ಅನಿಮೋನಿಯೊಳಗೆ (ಹೂವಿನಂತೆ ಕಾಣುವ, ಕುಟುಕುವ ಬಾಹುಗಳ ಕಡಲಜೀವಿ) ಕುಳಿತಿದೆ. ಹೊಸ ಟ್ಯಾಂಕಿಗೆ ಅನಿಮೋನಿ ಬೇಡವೇ ಬೇಡ. ಅದು ಹಿತವೆನಿಸದಿದ್ದರೆ ಜಾಗ ಬಿಟ್ಟು ನಡೆಯುತ್ತದೆ, ವೇವ್‌ಮೇಕರಿಗೆ ಸಿಕ್ಕಿಕೊಂಡರೆ ಇಡೀ ಟ್ಯಾಂಕನ್ನು ಕೆಡಿಸುತ್ತದೆ. ಕ್ಲೌನ್ ಮೀನಿಗೆ ಅನಿಮೋನಿ ಇಲ್ಲದೆಯೂ ನಡೆಯುತ್ತದೆ. ನನ್ನಲ್ಲಿರುವುದು ತೊಟ್ಟಿಯಲ್ಲಿಯೇ ಮರಿಮಾಡಿಸಿದ ಒಂದು ಜೋಡಿ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುವ ಜಾತಿ ಇದು. ಅವನ್ನು ಬೇರೆ ತೊಟ್ಟಿಯಲ್ಲಿ ಒಂದು ತಿಂಗಳು ಇಟ್ಟು ನೋಡಿದ ಮೇಲೆಯೇ ಒಳಗೆ ಬಿಟ್ಟೆ, ಏಕೆಂದರೆ ಬಿಳಿಚುಕ್ಕೆಯ ಪರೋಪಜೀವಿ ಒಮ್ಮೆ ಒಳಹೊಕ್ಕರೆ ಅದಕ್ಕೆ ಕೊಡುವ ತಾಮ್ರದ ಔಷಧಿಯನ್ನು ಹವಳ ಇರುವ ಟ್ಯಾಂಕಿನಲ್ಲಿ ಬಳಸುವಂತಿಲ್ಲ. ಹವಳಗಳನ್ನು ಕೊಳ್ಳುವಾಗ ಕೃಷಿಯಿಂದ ಬೆಳೆಸಿದ ತುಂಡುಗಳನ್ನೇ, ಮೂಲದ ಕಾಗದಪತ್ರ ಇರುವವರಿಂದಲೇ ಕೊಳ್ಳಬೇಕು. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರ ಅಳಿವಿನ ಭೀತಿಯ ಜೀವಿಗಳ ವ್ಯಾಪಾರದ ಕುರಿತ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣದಲ್ಲಿದೆ, ಅದರ ಮೇಲೆ ಆಯಾ ದೇಶದ ಕಾನೂನು ಇನ್ನೂ ಕಟ್ಟುನಿಟ್ಟಾಗಿರಬಹುದು. ಕೈಪಿಡಿ ಹೇಳಲೇಬೇಕಿದ್ದ ಇನ್ನೊಂದು ಎಚ್ಚರಿಕೆ ಜೊವಾಂತಿಡ್ ಹವಳಗಳ ಬಗ್ಗೆ. ಅವುಗಳಲ್ಲಿ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರ ವಿಷವಿರುತ್ತದೆ. ಕತ್ತರಿಸುವಾಗ ಕೈಗವಸು, ಕನ್ನಡಕ ಧರಿಸಲೇಬೇಕು. ಅವು ಅಂಟಿರುವ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಿನಲ್ಲಿ ಕುದಿಸಬಾರದು, ಆವಿಯೇ ಅಪಾಯಕಾರಿ.

ಇಷ್ಟೆಲ್ಲ ಕೊರತೆಗಳನ್ನು ಬರೆದ ಮೇಲೆ, ಈ ಟ್ಯಾಂಕ್ ನನಗೆ ಕೊಟ್ಟದ್ದನ್ನೂ ಬರೆಯಬೇಕು. ಎರಡನೆಯ ತಿಂಗಳಲ್ಲಿ, ಇನ್ನೂ ಒಂದು ಮೀನೂ ಇಲ್ಲದಿದ್ದಾಗ, ದೀಪ ಆರಿದ ಮೇಲೆ ಟಾರ್ಚ್ ಹಿಡಿದು ನೋಡುತ್ತಿದ್ದ ಮಗಳು, ‘ಅಪ್ಪ, ಗಾಜಿನ ಮೇಲೆ ಏನೋ ಓಡಾಡ್ತಿದೆ’ ಎಂದು ಕೂಗಿದಳು. ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಚುಕ್ಕೆಗಳು ಗಾಜಿನ ಮೇಲೆ ಕುಪ್ಪಳಿಸುತ್ತಿದ್ದವು, ಭೂತಗನ್ನಡಿಯಲ್ಲಿ ಅವುಗಳ ಮೀಸೆ, ಒಂದರ ಬಾಲದ ಬುಡದಲ್ಲಿದ್ದ ಎರಡು ಮೊಟ್ಟೆಚೀಲಗಳು ಕೂಡ ಕಂಡವು. ಅವು ಕೋಪೆಪಾಡ್‌ಗಳು, ಮೊದಲು ಇಟ್ಟ ಒಂದು ಹಿಡಿ ಜೀವಂತ ಮರಳಿನೊಂದಿಗೆ ಬಂದಿರಬೇಕು. ಐದನೆಯ ತಿಂಗಳಲ್ಲಿ ಪಂಪಿನ ಬಾಯಿಯ ಬಳಿ ಮೊದಲ ನೇರಳೆ ಚುಕ್ಕೆ ಮೂಡಿತು, ಗಾಜಿನಿಂದ ಉಗುರಿನಲ್ಲಿ ಕೆರೆದರೂ ಬಿಡದ ಗಟ್ಟಿ ಕೊರಲೈನ್ ಪಾಚಿ. ಈಗ ಕಲ್ಲುಗಳ ಅರ್ಧದಷ್ಟು ಭಾಗ ಆ ಬಣ್ಣಕ್ಕೆ ತಿರುಗಿದೆ. ಮುಂಭಾಗದ ಶುಭ್ರ ಗಾಜು, ನೀಲಿ ಬೆಳಕು ಎರಡೂ ಇಂಥ ಗಳಿಗೆಗಳಿಗಾಗಿಯೇ ಮಾಡಿದಂತಿವೆ, ಮತ್ತು ಅದಕ್ಕೆ ತಯಾರಕರಿಗೆ ಕೃತಜ್ಞನಾಗಿದ್ದೇನೆ.

ಯಾರಿಗೆ ಈ ಟ್ಯಾಂಕ್ ಸೂಕ್ತ ಎಂದು ಕೇಳಿದರೆ, ಜಾಗ ಕಡಿಮೆಯಿರುವ, ಮೆತ್ತನೆಯ ಹವಳ ಮತ್ತು ಒಂದೆರಡು ಚಿಕ್ಕ ಮೀನುಗಳಿಗೆ ತೃಪ್ತರಾಗುವ, ವಾರಕ್ಕೆ ಮೂರು ಗಂಟೆ ಮೀಸಲಿಡಬಲ್ಲವರಿಗೆ ಎನ್ನುತ್ತೇನೆ. ಜಾಗವಿದ್ದರೆ ಇದೇ ಸರಣಿಯ 200 ಲೀಟರಿನದನ್ನು ತೆಗೆದುಕೊಳ್ಳುವುದು ಒಳ್ಳೆಯದು. ನೀರು ಹೆಚ್ಚಿದ್ದಷ್ಟೂ ಪ್ರತಿಯೊಂದು ತಪ್ಪೂ ನಿಧಾನವಾಗಿ ಬರುತ್ತದೆ, ತಿದ್ದಲು ಸಮಯ ಸಿಗುತ್ತದೆ. ಕೊಳ್ಳುವ ದಿನವೇ ಆರ್‌ಓ-ಡಿಐ ಶೋಧಕ, ರಿಫ್ರ್ಯಾಕ್ಟೋಮೀಟರ್, ಎರಡು ಸಂವೇದಕಗಳ ಆಟೋ ಟಾಪ್-ಆಫ್, ಹೀಟರ್ ಕಂಟ್ರೋಲರ್, ವೇವ್‌ಮೇಕರ್ ಇವುಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಿರಿ. ನನ್ನ ಲೆಕ್ಕದಲ್ಲಿ ಇವೆಲ್ಲ ಸೇರಿ ಟ್ಯಾಂಕಿನ ಬೆಲೆಯ ಹತ್ತಿರಕ್ಕೇ ಬಂದವು. ಅವುಗಳ ಜೊತೆಗೆ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪೊಂದನ್ನು ಸೇರಿಸಿಕೊಳ್ಳಿ. ಹಿಂಬದಿಯ ಕೋಣೆಗಳಿರುವ ಈ ವಿನ್ಯಾಸದಲ್ಲಿ ವಿದ್ಯುತ್ ನಿಂತರೆ ನೀರಿನ ಚಲನೆ ಪೂರ್ತಿ ನಿಲ್ಲುತ್ತದೆ, ಮೂರ್ನಾಲ್ಕು ಗಂಟೆಗಳಲ್ಲಿ ಆಮ್ಲಜನಕದ ಕೊರತೆ ಕಾಣಿಸಬಹುದು. ನನ್ನದು ವಿದ್ಯುತ್ ಹೋದ ಕ್ಷಣದಲ್ಲಿ ತಾನೇ ಚಾಲೂ ಆಗುವಂಥದ್ದು. ಕ್ಯಾಬಿನೆಟ್ಟಿನ ಒಳಗೋಡೆಗೆ ನೇತುಹಾಕಿ, ಅದರ ಕೊಳವೆಯನ್ನು ಮೂರನೆಯ ಕೋಣೆಗಲ್ಲ, ಮುಂಭಾಗದ ಕಲ್ಲುಗಳ ನಡುವೆ ಇಳಿಸಿದ್ದೇನೆ.